ವೀಳ್ಯದ ಬಲಸುತ್ತು

ನೇರ್ಲಕೊಡ್ಲು ಶರಾವತಿಯ ಹಿನ್ನೀರಿಗೆ ಇಳಿದುಹೋಗಿ ಮೂರನೆಯ ಕಾರ್ತಿಕ ಬಂದಿತ್ತು. ಮನೆ ಹೋಯಿತು, ಗದ್ದೆ ಹೋಯಿತು, ಚೌಡಿಯ ಕಲ್ಲನ್ನು ಗೋಣಿಯಲ್ಲಿ ಸುತ್ತಿ ಲಾರಿಯ ಮೇಲೆ ತಂದದ್ದಾಯಿತು. ಅದೆಲ್ಲವನ್ನೂ ಊರಿನವರು ಹೇಗೋ ನುಂಗಿಕೊಂಡಿದ್ದರು. ನುಂಗಲಾರದೆ ಎಲ್ಲರ ಗಂಟಲಲ್ಲೂ ಸಿಕ್ಕಿಕೊಂಡು ಕೂತದ್ದು ಅರ್ಧ ಪದ್ಯ ಒಂದೇ.

ಆ ಊರಿನಲ್ಲಿ ಕಾರ್ತಿಕದ ಸಂಜೆಗಳಲ್ಲಿ ಓದು ನಡೆಯುತ್ತಿತ್ತು. ಓದುವವರು ಸುಬ್ಬರಾಯ ಭಟ್ಟರು. ಆರು ಸಾಲಿನ ಹಳೆಯ ಪದ್ಯವನ್ನು ಅವರು ರಾಗ ಹಿಡಿದು ಎತ್ತಿದರೆ, ಕಟ್ಟೆಯ ಕೆಳಗೆ ಕೂತವರಿಗೆ ರಥದ ಗಾಲಿಯ ಧೂಳು ಮೂಗಿಗೆ ಬಡಿದಂತಾಗುತ್ತಿತ್ತು. ಒಂದೊಂದು ಪದ್ಯ ಮುಗಿದಾಗಲೂ ಕೇಳುವವರ ಕಡೆಯಿಂದ ಒಬ್ಬ ‘ಹೂಂ’ ಎನ್ನಬೇಕು. ಕೇಳಿತು, ಒಳಗೆ ಇಳಿಯಿತು, ಮುಂದೆ ಹೋಗಿ ಎಂದು ಅದರ ಅರ್ಥ. ಆ ಹೂಂ ಬಾರದೆ ಭಟ್ಟರು ಮುಂದಿನ ಪದ್ಯಕ್ಕೆ ಕಾಲಿಡುತ್ತಿರಲಿಲ್ಲ.

ಹೂಂ ಹೇಳುವ ಹಕ್ಕು ವಾಸಪ್ಪನ ಮನೆಯದು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ವಾಸಪ್ಪನಿಗೆ ಬಂದದ್ದು. ವಾಸಪ್ಪ ಮಾತಿನವನಲ್ಲ. ಸಂತೆಯಲ್ಲಿ ಬದನೆಕಾಯಿಯ ಬೆಲೆ ಕೇಳುವುದಕ್ಕೂ ಹೆಂಡತಿ ಸರೋಜಳನ್ನು ಮುಂದೆ ಬಿಟ್ಟು ತಾನು ಹಿಂದೆ ಚೀಲ ಹಿಡಿದು ನಿಲ್ಲುವವನು. ಆದರೆ ಅವನ ಹೂಂಗೆ ಹದವಿತ್ತು. ಯುದ್ಧದ ಪದ್ಯಕ್ಕೆ ಎದೆಯಿಂದ ಬರುತ್ತಿತ್ತು, ಅಳುವಿನ ಪದ್ಯಕ್ಕೆ ಮೂಗಿನೊಳಗೇ ಸುಳಿದು ನಿಲ್ಲುತ್ತಿತ್ತು. ಭಟ್ಟರು ಒಮ್ಮೆ ಎಲ್ಲರ ಎದುರಿಗೆ, “ನಾನು ಓದೋದು ಪುಸ್ತಕ ನೋಡ್ಕಂಡಲ್ಲ, ವಾಸಪ್ಪನ ಮುಖ ನೋಡ್ಕಂಡು” ಎಂದಿದ್ದರು. ಆ ಒಂದು ಮಾತಿನ ಮೇಲೆ ವಾಸಪ್ಪ ಅದೆಷ್ಟೋ ದಿನ ನೆಲಕ್ಕೆ ಕಾಲು ತಾಗದ ಹಾಗೆ ಓಡಾಡಿದ್ದ.

ಊರು ಬಿಡುವ ದಿನ ಓದು ಮುಗಿಸಿಯೇ ಹೊರಡುವುದೆಂದು ಹಗಲಿನಲ್ಲೇ ಕೂತಿದ್ದರು. ಯುದ್ಧ ಮುಗಿದು ಉಳಿದವರು ಹೊಳೆಯ ದಡಕ್ಕೆ ಬಂದು ನಿಂತಿದ್ದಾರೆ, ನೀರಿಗೆ ಇಳಿಯಬೇಕು, ಸತ್ತವರಿಗೆ ಎಳ್ಳುನೀರು ಬಿಡಬೇಕು. ಆ ಪದ್ಯದ ಮೂರನೆಯ ಸಾಲು ಮುಗಿಯಿತು. ಅಷ್ಟರಲ್ಲಿ ಸಾಮಾನು ಹೊರುವ ಲಾರಿ ಕಟ್ಟೆಯ ಪಕ್ಕಕ್ಕೇ ಬಂದು ಹಾರನ್ನು ಒತ್ತಿತು. ಡ್ರೈವರ್ ಕೈ ತೆಗೆಯಲೇ ಇಲ್ಲ. ಭಟ್ಟರು ಒಂದು ಗಳಿಗೆ ಆಕಡೆ ನೋಡಿದರು, ಪುಸ್ತಕ ಮುಚ್ಚಿದರು, ಎದ್ದು ಹೋದರು. ವಾಸಪ್ಪನ ಹೂಂ ಗಂಟಲಿಗೆ ಬಂದದ್ದು ಅಲ್ಲೇ ಉಳಿಯಿತು.

ಆಮೇಲೆ ಊರು ಚೆಲ್ಲಾಪಿಲ್ಲಿಯಾಯಿತು. ವಾಸಪ್ಪನ ಮನೆಯೂ ಇನ್ನು ಕೆಲವರದ್ದೂ ಸಾಗರದ ಹೊರಗೆ, ಗುತ್ಯಪ್ಪ ರಿಪ್ಪನ್‌ಪೇಟೆಯ ಹತ್ತಿರ, ಕನ್ನಮ್ಮ ತೀರ್ಥಹಳ್ಳಿಯಲ್ಲಿ, ಯಮುನಮ್ಮ ಹೊಸನಗರದಲ್ಲಿ. ಭಟ್ಟರು ತೀರ್ಥಹಳ್ಳಿಗೂ ನಗರಕ್ಕೂ ನಡುವೆ ಸೊಂಡ್ಲೇರು ಎನ್ನುವ ಬೆಟ್ಟದ ನೆತ್ತಿಯಲ್ಲಿ ಮಗನ ಜತೆ ಮನೆ ಮಾಡಿದರು. ಅಲ್ಲಿಂದ ಈಚೆಗೆ ಯಾರ ಎಮ್ಮೆ ಗಬ್ಬ ನಿಲ್ಲದಿದ್ದರೂ, ಯಾರ ಮಗಳ ಸಂಬಂಧ ತಪ್ಪಿದರೂ, “ಅರ್ಧ ಪದ್ಯದ ಕಾಟ” ಎನ್ನುವುದು ರೂಢಿಯಾಯಿತು. ಓದು ಮುಗಿಸಿಕೊಡಿ ಎಂದು ಹೋದ ವರ್ಷ ಬಸ್ ಕಂಡಕ್ಟರನ ಕೈಲಿ ಭಟ್ಟರಿಗೆ ಹೇಳಿ ಕಳಿಸಿದರು. ಕಂಡಕ್ಟರನ ಬಾಯಲ್ಲೇ ಉತ್ತರ ಬಂತು: “ಕ್ರಮದ ವೀಳ್ಯ ಬಂದರೆ ಓದುತ್ತೇನೆ. ಇಲ್ಲದಿದ್ದರೆ ಇಲ್ಲ.”

ಕ್ರಮ ಎಂದರೇನು ಎಂಬುದು ನೇರ್ಲಕೊಡ್ಲಿನವರಿಗೆ ಹೇಳಿಕೊಡಬೇಕಾದದ್ದಲ್ಲ. ಓದಿನ ಕೊನೆಯ ದಿನಕ್ಕೆ ಕರೆಯುವಾಗ, ಓದಿನ ಕಟ್ಟೆಯ ಪಕ್ಕದ ಬಳ್ಳಿಯಿಂದಲೇ ಅದರ ಮುನ್ನಾದಿನ ನಸುಕಿಗೆ ಎಲೆ ಕೊಯ್ಯಬೇಕು. ಹೂಂ ಹೇಳುವವನೇ ತನ್ನ ಕಾಲಿನಿಂದ ಹೋಗಿ ಮನೆಮನೆಯ ಬಾಗಿಲಲ್ಲಿ ನಿಂತು ಕೊಡಬೇಕು. ಊರನ್ನು ಬಲಕ್ಕೆ ಇಟ್ಟುಕೊಂಡು ಸುತ್ತಬೇಕು. ಕಟ್ಟೆಯಲ್ಲಿ ದೀಪ ಹಚ್ಚುವುದರೊಳಗೆ ಮರಳಿ ಬಂದು “ಎಲ್ಲರಿಗೂ ಹೇಳಿ ಆಯಿತು” ಎನ್ನಬೇಕು. ಊರು ಊರಾಗಿದ್ದಾಗ ಇದು ಗಂಜಿಗೆ ಎಸರಿಟ್ಟು ಹೊರಟರೆ ಗಂಜಿ ಆರುವುದರೊಳಗೆ ಮುಗಿಯುವ ಕೆಲಸ. ಈಗ? ಸಾಗರ, ರಿಪ್ಪನ್‌ಪೇಟೆ, ತೀರ್ಥಹಳ್ಳಿ, ಸೊಂಡ್ಲೇರು, ನಗರ, ಹೊಸನಗರ, ತಿರುಗಿ ಸಾಗರ! ಆಗದ ಕೆಲಸ ಎಂದು ಗೊತ್ತಿದ್ದೇ ಭಟ್ಟರು ಹಾಗೆ ಹೇಳಿದ್ದಾರೆ ಎಂದು ಎಲ್ಲರೂ ಕೈಬಿಟ್ಟರು.

ವಾಸಪ್ಪ ಮಾತ್ರ ತನ್ನ ಸೈಕಲ್ ತಳ್ಳಿಕೊಂಡು ಸಾಗರದ ಪೇಟೆಗೆ ಹೋಗಿ ದುಗ್ಗಪ್ಪನ ಸೈಕಲ್ ಶಾಪಿನ ಎದುರು ನಿಂತ.

“ಮೂರು ತಾಲೂಕು, ಒಂದೇ ದಿನ, ಇದ್ರ ಮೇಲೆ?” ದುಗ್ಗಪ್ಪ ಎಣ್ಣೆಗೈಯಿಂದಲೇ ಕಿವಿ ತುರಿಸಿಕೊಂಡ. “ಸೈಕಲ್ಲು ಹೋಗ್ತದೆ ಮಾರಾಯ. ಮೇಲೆ ಕೂತೋನು ಹೋಗ್ತಾನಾ ಅಂತ ಕೇಳ್ಕ.”

“ಹೋಗ್ತೀನಿ.”

“ಸೊಂಡ್ಲೇರು ನೋಡಿದ್ಯಾ? ಆನೆ ಸೊಂಡ್ಲು ಎತ್ತಿ ನಿಂತ ಹಾಗೆ ಐತೆ. ಲಾರಿನೇ ಅಲ್ಲಿ ಉಸ್ಸಪ್ಪ ಅಂತದೆ.”

ವಾಸಪ್ಪ ನೋಡಿದ್ದ. ಹಿಂದೆ ಎರಡು ಸಲ ಭಟ್ಟರನ್ನು ನೋಡಲು ಹೋದಾಗಲೂ ಆ ಏರಿನ ಮೊದಲ ತಿರುವಿಗೇ ಇಳಿದು ತಳ್ಳಿದ್ದ. ತಳ್ಳಿಕೊಂಡು ನೆತ್ತಿ ಮುಟ್ಟುವಾಗ ಅರ್ಧ ಹಗಲು ಹೋಗಿತ್ತು. ಈ ಸಲ ತಳ್ಳಿದರೆ ದೀಪದ ಹೊತ್ತಿಗೆ ಸಾಗರ ಸೇರುವ ಮಾತೇ ಇಲ್ಲ. ತುಳಿದೇ ಹತ್ತಬೇಕು.

ದುಗ್ಗಪ್ಪ ಬಾಯಲ್ಲಿ ಎಷ್ಟು ಬೈದರೂ ಸೈಕಲ್ಲನ್ನು ತಲೆಕೆಳಗು ಮಾಡಿ ಹಿಂದಿನ ಚಕ್ರಕ್ಕೆ ದೊಡ್ಡ ಹಲ್ಲಿನ ಫ್ರೀವೀಲ್ ಹಾಕಿದ, ಬ್ರೇಕಿನ ರಬ್ಬರು ಹೊಸದು ಕಟ್ಟಿದ. ಹೊರಡುವ ಮುನ್ನಾದಿನ ಸಂಜೆ ತಾನೇ ಸೈಕಲ್ ತಂದುಕೊಟ್ಟು, ಅಂಗಳದಲ್ಲಿ ಕಡ್ಡಿಯಿಂದ ಗೀರಿ ದಾರಿ ತೋರಿಸಿದ. “ಎಡಕ್ಕೆ ಹೋಗು. ಹೊಸನಗರ, ನಗರ ಅಂತ ನಿಧಾನ ಹತ್ಕಂಡು ಹೋದ್ರೆ ಆಕಡೆ ಮೈ ಇಳಿಜಾರು ಕಡಿಮೆ. ಭಟ್ರ ಮನೆ ಮುಗ್ಸು. ಆಮೇಲೆ ಸೊಂಡ್ಲೇರು ಇಳಿಯೋದಷ್ಟೆ. ಬ್ರೇಕು ಹಿಡ್ಕಂಡು ದೇವರ ಹೆಸರು ಹೇಳು, ಸಾಕು.”

ಜಗಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ವಾಸಪ್ಪನ ತಾಯಿ ಶೇಷಮ್ಮ ತಲೆ ಎತ್ತಿದಳು. “ಎಡಸುತ್ತು ಹಾಕೋದು ಸತ್ತೋರಿಗೆ ಕಣಾ ದುಗ್ಗಪ್ಪ. ನಾವು ಬದುಕಿರೋರನ್ನ ಕರೆಯಕ್ಕೆ ಹೊರ್ಟಿರೋದು.”

“ಹಂಗಾರೆ ಸೈಕಲ್ ಎಂತಕ್ಕೆ ಶೇಷಕ್ಕ? ಕ್ರಮ ಅಂದ್ಮೇಲೆ ನಡ್ಕಂಡೇ ಹೋಗ್ಲಿ.”

“ಸೈಕಲ್ ತುಳಿಯೋದು ಎಂತದ್ರಲ್ಲಿ? ಕಾಲಲ್ಲಿ ಅಲ್ದನಾ? ಎತ್ತು ಎಳಿಯಲ್ಲ, ಎಣ್ಣೆ ಕುಡಿಯಲ್ಲ. ನಡೆದ ಹಾಗೇ ಲೆಕ್ಕ. ಬಸ್ಸು ಆಗಲ್ಲ.” ಮುದುಕಿ ಬತ್ತಿಯ ತುದಿಯನ್ನು ನಾಲಗೆಗೆ ತಾಗಿಸಿ ಚೂಪು ಮಾಡಿದಳು. ಶಾಸ್ತ್ರದ ತೀರ್ಮಾನ ಅಲ್ಲಿಗೆ ಮುಗಿಯಿತು.

ನಸುಕಿಗೆ ಅವಳೇ ಎಲೆ ಕೊಯ್ದಳು. ಊರು ಬಿಡುವಾಗ ಓದಿನ ಕಟ್ಟೆಯ ಬಳ್ಳಿಯ ಒಂದು ತುಂಡನ್ನು ಸೆರಗಿನಲ್ಲಿ ಕಟ್ಟಿ ತಂದು ಹೊಸ ಕಟ್ಟೆಯ ಪಕ್ಕದ ಹಾಲವಾಣದ ಮರಕ್ಕೆ ಹಬ್ಬಿಸಿದ್ದಳು. ಹೊರಡುವ ಮುಂಚೆಯೇ ವಾಸಪ್ಪ ಸಾಗರದ ಮನೆಗಳಿಗೆ ಕೊಟ್ಟು ಮುಗಿಸಿದ. ದೂರದ ನಾಲ್ಕು ಮನೆಗೆ ಜೋಡಿ ಎಲೆ, ಒಂದೊಂದು ಅಡಿಕೆ. ಅವನ್ನು ಒದ್ದೆ ಬಟ್ಟೆಯಲ್ಲಿಟ್ಟು, ಬಾಳೆಪಟ್ಟೆ ಸುತ್ತಿ, ಹ್ಯಾಂಡಲಿಗೆ ಕಟ್ಟಿದಳು. ವಾಸಪ್ಪನ ಸ್ವಂತ ಕವಳದ, ಎಂದರೆ ಎಲೆ-ಅಡಿಕೆಯ, ಚೀಲ ಸೊಂಟದಲ್ಲಿತ್ತು. ಕವಳ ಇಲ್ಲದೆ ಅವನು ಕೊಟ್ಟಿಗೆಗೂ ಹೋಗುವವನಲ್ಲ.

“ಗಂಟಲಿಗೆ ಬಟ್ಟೆ ಕಟ್ಕಳಿ, ಮಂಜು ಐತೆ” ಎಂದಳು ಸರೋಜ. “ನಾಳೆ ಹೂಂ ಹೇಳಕ್ಕೆ ಬೇಕಲ್ಲ ಅದು.”

ಆನಂದಪುರದ ದಾರಿಯಲ್ಲಿ ಮಂಜು ಸೈಕಲ್ಲಿನ ಮುಂದೆ ಮುಂದೆ ಸರಿದು ಜಾಗ ಬಿಡುತ್ತಿತ್ತು. ರೆಪ್ಪೆಯ ಮೇಲೆ ಹನಿ, ಮೀಸೆಯ ಮೇಲೆ ಹನಿ. ಹಿಂದಿನಿಂದ ಬಂದ ಮೊದಲ ಬಸ್ಸಿನ ಕಿಟಕಿಯಿಂದ ಯಾರೋ “ಎತ್ಲಾಗೆ?” ಎಂದು ಕೂಗಿದರು. “ಸಾಗರಕ್ಕೆ!” ಎಂದ ವಾಸಪ್ಪ. ಸಾಗರವನ್ನು ಬೆನ್ನಿಗೆ ಹಾಕಿಕೊಂಡು ಸಾಗರಕ್ಕೆ ಹೊರಟವನನ್ನು ಬಸ್ಸಿನ ಜನವೆಲ್ಲ ಕತ್ತು ತಿರುಗಿಸಿ ನೋಡಿತು. ಅವನಿಗೆ ಒಳಗೊಳಗೇ ನಗು ಬಂತು. ಕಾಲು ಬಿಸಿಯಾಗಿ ಸರಪಳಿ ಹದಕ್ಕೆ ಬಂದಿತ್ತು. ಮಂಜು ಹರಿದಾಗ ರಸ್ತೆಯ ಎರಡೂ ಕಡೆ ತೆನೆ ಬಾಗಿದ ಗದ್ದೆ, ಆಚೆ ಕಾನು, ಕಾನಿನ ನೆತ್ತಿಯಲ್ಲಿ ಎಳೆಬಿಸಿಲು.

ರಿಪ್ಪನ್‌ಪೇಟೆಯ ಈಚೆಗೆ ಗುತ್ಯಪ್ಪ ಮನೆಯ ಮುಂದೆ ಎತ್ತಿಗೆ ಹುಲ್ಲು ಹಾಕುತ್ತಿದ್ದವನು, ಸೈಕಲ್ಲನ್ನೂ ಬಾಳೆಪಟ್ಟೆಯನ್ನೂ ನೋಡಿ ಹುಲ್ಲಿನ ಹೊರೆಯನ್ನು ಎತ್ತಿನ ತಲೆಯ ಮೇಲೇ ಬಿಟ್ಟ.

“ಕ್ರಮದ ವೀಳ್ಯನಾ? ನಿಜ್ವಾಗ್ಲೂ?” ಎಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಮರುಕ್ಷಣವೇ ಹಳೆಯ ಗುತ್ಯಪ್ಪನಾದ. “ನೋಡು, ಮೊದಲು ನಮ್ಮೂರು ಸುತ್ತಕ್ಕೆ ಒಂದು ಕವಳ ಸಾಕಾಗ್ತಿತ್ತು. ಈಗ ಮೂರು ತಾಲೂಕು! ಮೈಸೂರು ಅರಮನೇರಿಗೂ ಇಷ್ಟು ದೊಡ್ಡ ಕೇರಿ ಇಲ್ಲ. ಆದ್ರೆ ವಾಸಪ್ಪ, ಸೊಂಡ್ಲೇರು ನೀನು ತುಳ್ಕಂಡು ಹತ್ತಿದ್ರೆ ನಾನು ಮೀಸೆ ಬೋಳಿಸ್ತೀನಿ.”

“ಬೋಳಿಸೋದು ಬ್ಯಾಡ. ನಾಳೆ ಸಂಜೆ ಬಾ.”

“ಮೀಸೆ ಬಿಟ್ಟು ಬರ್ತೀನಿ ಹಂಗಾರೆ” ಎಂದು ಗುತ್ಯಪ್ಪ ಗಹಗಹಿಸಿದ. ಅವನ ಹೆಂಡತಿ ಒಳಗಿನಿಂದ ತಂದ ಬೆಲ್ಲದ ನೀರು ಕುಡಿದು ವಾಸಪ್ಪ ಮತ್ತೆ ಸೀಟು ಹತ್ತಿದ.

ಕೋಣಂದೂರು ಕಳೆದ ಮೇಲೆ ದಾರಿ ಅಲೆಯಂತೆ ಏರಿ ಇಳಿಯತೊಡಗಿತು. ಇಳಿಯುವಾಗ ಗಾಳಿಗೆ ಅಂಗಿ ಬೆನ್ನಿನಲ್ಲಿ ಉಬ್ಬಿಕೊಳ್ಳುತ್ತಿತ್ತು. ಆ ವೇಗದಲ್ಲೇ ಮುಂದಿನ ಏರಿನ ಅರ್ಧ ಸಿಕ್ಕುತ್ತಿತ್ತು. ತೀರ್ಥಹಳ್ಳಿಗೆ ಬಂದಾಗ ಹೊತ್ತು ನೆತ್ತಿಯ ಹತ್ತಿರ. ತುಂಗೆಯ ಬಂಡೆಗಳ ಮೇಲೆ ಬಟ್ಟೆ ಒಣಗುತ್ತಿತ್ತು. ಕನ್ನಮ್ಮ ಎಲೆ ತೆಗೆದುಕೊಂಡವಳು ಅಳಲು ಶುರು ಮಾಡಿದಳು, ಅಳುತ್ತಲೇ ಬಾಳೆ ಎಲೆ ಹಾಕಿದಳು, ಅಳುತ್ತಲೇ ಮೂರು ಸಲ ಅನ್ನ ಬಡಿಸಿದಳು. “ಹೊಟ್ಟೆ ಭಾರ ಆದ್ರೆ ಹತ್ತಕ್ಕಾಗಲ್ಲ ಅಕ್ಕ” ಎಂದರೆ, “ಹೊಟ್ಟೆ ಖಾಲಿ ಇದ್ರೆ ಎಂತದ್ರಲ್ಲಿ ಹತ್ತೀಯಾ?” ಎಂದು ಇನ್ನೊಂದು ಸೌಟು ಮಜ್ಜಿಗೆ. ಅವಳ ಮಾವನಿಗೆ ಹಲ್ಲಿಲ್ಲದಿದ್ದರೂ ಕವಳದ ಚಪಲ. ಕುಟ್ಟಿ ಕೊಡುತ್ತ ಕೊಡುತ್ತ ವಾಸಪ್ಪನ ಚೀಲ ಬರಿದಾಯಿತು.

ಎಡವಟ್ಟು ಆದದ್ದು ಅದರಿಂದಲೇ.

ಸೊಂಡ್ಲೇರಿನ ಬುಡದಲ್ಲಿ ಒಂದು ಹಳ್ಳ, ಹಳ್ಳಕ್ಕೆ ಮೋರಿ. ವಾಸಪ್ಪ ಮೋರಿಯ ಮೇಲೆ ಕೂತು, ತಲೆ ಎತ್ತಿ ಬೆಟ್ಟವನ್ನು ನೋಡಿದ. ರಸ್ತೆ ಕಾಡಿನೊಳಗೆ ಹೊಕ್ಕು, ಮೇಲೆ ಒಂದು ಕಡೆ ಕೆಂಪಗೆ ಕಂಡು, ಮರೆಯಾಗಿ, ಇನ್ನೂ ಮೇಲೆ ಮತ್ತೆ ಕಾಣುತ್ತಿತ್ತು. ಎರಡು ಗಿಡ್ಡ ತಿರುವು, ಆಮೇಲೆ ಒಂದು ಉದ್ದ ಏರು. ಮತ್ತೆ ಎರಡು ಗಿಡ್ಡ ತಿರುವು, ಮತ್ತೆ ಉದ್ದ ಏರು. ಈ ಲೆಕ್ಕ ಬೇರೆ ಎಲ್ಲೋ ಕಂಡ ಹಾಗಿದೆಯಲ್ಲ ಎಂದುಕೊಳ್ಳುತ್ತ ಅವನ ಕೈ ತನ್ನಷ್ಟಕ್ಕೆ ಜೋಡಿ ಎಲೆ ತೆಗೆಯಿತು, ತೊಟ್ಟು ಮುರಿಯಿತು, ಬೆನ್ನಿನ ನಾರು ಸೀಳಿತು, ಡಬ್ಬಿಯ ಮೂಲೆಯಲ್ಲಿ ಉಳಿದ ಸುಣ್ಣ ಸವರಿತು, ಅಡಿಕೆ ಸೇರಿಸಿ ಬಾಯಿಗೆ ಹಾಕಿತು. ನಾಲ್ಕು ಸಲ ಅಗಿದ ಮೇಲೆ ಅವನಿಗೆ ನೆನಪಾಯಿತು: ಚೀಲ ಕನ್ನಮ್ಮನ ಮನೆಯಲ್ಲೇ ಖಾಲಿಯಾಗಿತ್ತು.

ಹ್ಯಾಂಡಲಿನಲ್ಲಿ ಬಾಳೆಪಟ್ಟೆ ಬಾಯಿ ಬಿಟ್ಟುಕೊಂಡಿತ್ತು. ಒಳಗೆ ಒಂದೇ ಜೋಡಿ. ಉಳಿದ ಮನೆ ಎರಡು.

ವಾಸಪ್ಪ ಅಗಿಯುವುದನ್ನು ನಿಲ್ಲಿಸಿದ. ಉಗಿಯಲಾರ, ನುಂಗಲಾರ. ಭಟ್ಟರಿಗೆ ಕೊಟ್ಟರೆ ಯಮುನಮ್ಮನಿಗಿಲ್ಲ. ಯಮುನಮ್ಮನಿಗೆ ಇಟ್ಟರೆ ಭಟ್ಟರ ಬಾಗಿಲಿಗೆ ಬರಿಗೈ. ಒಂಟಿ ಎಲೆ ಕೊಡುವಂತಿಲ್ಲ. ತೀರ್ಥಹಳ್ಳಿಯ ಪೇಟೆಯಲ್ಲಿ ಎಲೆ ಬೇಕಾದಷ್ಟು ಸಿಗುತ್ತದೆ, ಆದರೆ ಅದು ಓದಿನ ಬಳ್ಳಿಯದಲ್ಲ. ‘ವೀಳ್ಯ ಒಯ್ಯುವವನೇ ವೀಳ್ಯ ತಿಂದ’ ಎಂದು ಗುತ್ಯಪ್ಪ ಸಾಯುವ ತನಕ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ಓದು? ನಾಳೆಯ ಓದು ಏನಾಗಬೇಕು?

ಹಿಂದಕ್ಕೆ ಹೋದರೆ ದಿನ ಮುಗಿಯುತ್ತದೆ. ಕೂತರೂ ಮುಗಿಯುತ್ತದೆ. ಭಟ್ಟರ ಎದುರು ನಿಂತು ನಡೆದದ್ದನ್ನು ಹೇಳಿಬಿಡುವುದು, ಅವರು ಬೈದರೆ ಬೈಸಿಕೊಳ್ಳುವುದು ಎಂದು ನಿಶ್ಚಯಿಸಿ, ಬಾಯಿ ತೊಳೆದು ಸೀಟು ಹತ್ತಿದ.

ಸಿಟ್ಟಿಗೆ ಜೋರಾಗಿ ತುಳಿದ. ತನಗೆ ತಿಳಿಯದಂತೆಯೇ ಅವನೊಳಗೆ ಯುದ್ಧದ ಪದ್ಯಗಳು ಏಳತೊಡಗಿದವು. ಬಾಣದ ಮೇಲೆ ಬಾಣ, ರಥದ ಮೇಲೆ ರಥ. ಕಾಲು ಆ ಓಟಕ್ಕೇ ಓಡಿತು. ಮೊದಲ ತಿರುವು ದಾಟಿತು, ಎರಡನೆಯದೂ ದಾಟಿತು. ಉದ್ದ ಏರಿನ ನಡುವೆ ಎದೆ ಕಮ್ಮಾರನ ತಿದಿಯಾಯಿತು. ಕಣ್ಣಿಗೆ ಕತ್ತಲೆ. ಮುಂದಿನ ಚಕ್ರ ಅತ್ತಿತ್ತ ಹೊಯ್ದಾಡಿತು, ಕನ್ನಮ್ಮನ ಮಜ್ಜಿಗೆ ಗಂಟಲಿಗೆ ಬಂತು. ಇನ್ನೇನು ಕಾಲು ನೆಲಕ್ಕೆ ಊರಬೇಕು.

ಆಗ ಅವನಿಗೆ ಕಟ್ಟೆಯ ಮೇಲಿನ ಭಟ್ಟರ ಉಸಿರು ನೆನಪಾಯಿತು. ಮಾತು ನೆನಪಾದದ್ದಲ್ಲ, ಉಸಿರು. ಅಷ್ಟು ಉದ್ದದ ಓದನ್ನು ಅವರು ದಣಿಯದೆ ಓದುತ್ತಿದ್ದದ್ದು ಹೇಗೆ? ಎರಡು ಗಿಡ್ಡ ಸಾಲುಗಳಲ್ಲಿ ಬಿಗಿ ಹಿಡಿದು, ಮೂರನೆಯ ಉದ್ದ ಸಾಲಿಗೆ ಬರುವಾಗ ದನಿಯನ್ನು ಸಡಿಲ ಬಿಡುತ್ತಿದ್ದರು. ಹೊಳೆ ಅಗಲವಾದ ಕಡೆ ನಿಧಾನವಾಗುವಂತೆ. ಎರಡು ಗಿಡ್ಡ, ಒಂದು ಉದ್ದ. ಮತ್ತೆ ಎರಡು ಗಿಡ್ಡ, ಒಂದು ಉದ್ದ. ಈ ಲೆಕ್ಕವನ್ನು ಎಲ್ಲಿ ಕಂಡದ್ದೆಂದು ಈಗ ತಿಳಿಯಿತು! ಕಂಡದ್ದಲ್ಲ, ಕೇಳಿದ್ದು. ಹುಟ್ಟಿದಾಗಿನಿಂದ ಕೇಳಿದ್ದು.

ವಾಸಪ್ಪ ಬಾಯಿ ತೆರೆದ.

ಜನ್ಮದಲ್ಲಿ ಅವನು ಒಂದು ಪದ್ಯವನ್ನೂ ಬಾಯಿಬಿಟ್ಟು ಹೇಳಿದವನಲ್ಲ. ಹೊರಟ ದನಿ ಹಲಸಿನ ಹಲಗೆಗೆ ಗರಗಸ ಹಾಕಿದ ಹಾಗಿತ್ತು. ಮೇಲಿನ ಕೊಂಬೆಯಿಂದ ಒಂದು ಮಂಗ ಬೆಚ್ಚಿ ಆಚೆ ಮರಕ್ಕೆ ಹಾರಿತು. ಅವನು ನಿಲ್ಲಿಸಲಿಲ್ಲ. ಯುದ್ಧ ಬಿಟ್ಟು, ಯುದ್ಧ ಮುಗಿದ ಮೇಲಿನ ಪದ್ಯ ಹಿಡಿದ. ಉಳಿದವರು ನಿಧಾನವಾಗಿ ಹೊಳೆಯ ಕಡೆಗೆ ನಡೆದು ಬರುವ ಪದ್ಯಗಳು. ಒಂದು ಗಣಕ್ಕೆ ಒಂದು ತುಳಿತ. ಗಿಡ್ಡ ಸಾಲಿಗೆ ಎದ್ದು ನಿಂತು ತುಳಿದ, ಉದ್ದ ಸಾಲಿಗೆ ಸೀಟಿನಲ್ಲಿ ಕೂತು ಉಸಿರು ಬಿಟ್ಟ. ಪದ್ಯ ಮುಗಿದ ಕಡೆ ಅಭ್ಯಾಸಬಲದಿಂದ ತಾನೇ ‘ಹೂಂ’ ಎಂದ. ಹೂಂ ಅಂದಾಗ ಎದೆ ತುಂಬುತ್ತಿತ್ತು. ಎದೆ ತುಂಬಿದಾಗ ಮುಂದಿನ ಪದ್ಯಕ್ಕೆ ಕಾಲು ಸಿದ್ಧ. ಇದಕ್ಕೇ ಇರಬೇಕು ಹಿರಿಯರು ಹೂಂ ಇಟ್ಟದ್ದು ಎಂದುಕೊಂಡ. ಉದ್ದ ಏರು ಮುಗಿಯಿತು. ಮತ್ತೆ ಗಿಡ್ಡ ತಿರುವು. ಎಡಕ್ಕೆ ಕಾಡು ಸರಿದು ಬಯಲು ತೆರೆಯಿತು. ಕೆಳಗೆ ತುಂಗೆಯ ಕಣಿವೆ ಹಸಿರು ಹೊದ್ದು ಮಲಗಿತ್ತು. ಪಡುವಣದ ಅಂಚಿನಲ್ಲಿ ಕೊಡಚಾದ್ರಿ ನೀಲಿಯಾಗಿ ಎದ್ದು ನಿಂತಿತ್ತು. ವಾಸಪ್ಪ ಅದಕ್ಕೂ ಒಂದು ಪದ್ಯ ಕೇಳಿಸಿದ.

ಕೊನೆಯ ಉದ್ದ ಏರಿನ ತುದಿಯಲ್ಲಿ ಹಂಚಿನ ಮಾಡು, ಬೇಲಿ, ಬೇಲಿಯ ಬಾಯಿಗೆ ಅಡ್ಡಗಳುಗಳ ದಣಪೆ ಕಂಡವು. ದಣಪೆಯ ಆಚೆ ಬೆಳ್ಳಗಿನ ಪಂಚೆಯ ಒಂದು ಆಕೃತಿ ಕೋಲೂರಿ ನಿಂತಿತ್ತು.

ಆ ಹೊತ್ತಿಗೆ ವಾಸಪ್ಪನ ಬಾಯಿಗೆ ಊರು ಬಿಟ್ಟ ದಿನದ ಕೊನೆಯ ಪದ್ಯ ಬಂದಿತ್ತು. ಮುರಿದುಬಿದ್ದ ಪದ್ಯ. ಮೊದಲ ಸಾಲು. ಎರಡನೆಯ ಸಾಲು. ಮೂರನೆಯ ಉದ್ದ ಸಾಲಿಗೆ ಅವನ ದನಿಯಲ್ಲಿ ದನಿಯೇ ಉಳಿದಿರಲಿಲ್ಲ, ಬರೀ ಉಸಿರಿತ್ತು. ಆ ಉಸಿರಿನಲ್ಲೇ ಸಾಲು ಮುಗಿಸಿ, ಮುಂದಿನ ಚಕ್ರವನ್ನು ದಣಪೆಗೆ ತಾಗಿಸಿ, ಕಾಲು ಊರದೆ ಬೇಲಿಯ ಗೂಟ ಹಿಡಿದು ನಿಂತ.

ದಣಪೆಯ ಆಚೆಯಿಂದ ನಿಧಾನವಾಗಿ, ಮೂಗಿನೊಳಗಿನಿಂದ, ಒಂದು ದನಿ ಬಂತು.

“ಹೂಂ.”

ಸುಬ್ಬರಾಯ ಭಟ್ಟರು ಹೂಂ ಎಂದಿದ್ದರು! ಅಷ್ಟು ವರ್ಷ ಅವರ ಎದುರು ತಾನು ಹೇಳಿದ ಹೂಂ ಓದುವವರಿಗೆ ಹೇಗೆ ಇರುತ್ತದೆ ಎಂದು ವಾಸಪ್ಪನಿಗೆ ಅವತ್ತು ತಿಳಿಯಿತು. ಮೊಣಕಾಲಿನ ನೋವು, ಎದೆಯ ಉರಿ, ಎಲ್ಲದರ ಮೇಲೂ ಯಾರೋ ತಣ್ಣಗಿನ ಕೈ ಇಟ್ಟ ಹಾಗಾಯಿತು.

“ಕೆಳಗಿನ ತಿರುವಿಂದ ಕೇಳ್ತಾ ಇದ್ದೆ” ಎಂದರು ಭಟ್ಟರು. “ರಾಗ ಅಂತೂ ದೇವರಿಗೇ ಪ್ರೀತಿ. ಆದ್ರೆ ಒಂದು ಅಕ್ಷರ ಬಿಟ್ಟಿಲ್ಲ ನೀನು. ಮುಂದೆ ಹೇಳು.”

“ಮುಂದಿಂದು ನೀವು ಓದ್ಬೇಕು ಅಯ್ಯಾ.”

ಭಟ್ಟರು ಕೋಲಿನ ತುದಿಯಿಂದ ಹ್ಯಾಂಡಲನ್ನು ಮುಟ್ಟಿದರು. “ಕ್ರಮದ ವೀಳ್ಯ?”

ವಾಸಪ್ಪ ಸೈಕಲ್ಲಿನಿಂದ ಇಳಿದು ಬಾಳೆಪಟ್ಟೆ ಬಿಚ್ಚಿದ. “ಎಲ್ಲಾ ಕ್ರಮದಲ್ಲೇ ಬಂತು. ನಸುಕಿಗೆ ಕೊಯ್ದಿದ್ದು, ಬಲಸುತ್ತು, ಕಾಲಲ್ಲೇ. ಆದ್ರೆ ಏರಿನ ಬುಡದಲ್ಲಿ ಕೂತಾಗ...” ಅವನು ತಲೆ ತಗ್ಗಿಸಿದ. “ನಿಮ್ಮ ಪಾಲಿಂದು ನಾನೇ ಕವಳ ಹಾಕ್ಬಿಟ್ಟೆ. ಇದು ಒಂದು ಜೋಡಿ ಐತೆ. ಇದು ಯಮುನಮ್ಮಂದು. ಅವಳನ್ನ ಬಿಟ್ಟು ನಿಮಗೆ ಕೊಡಕ್ಕೆ ಮನಸ್ಸು ಬರಲ್ಲ.”

ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ಭಟ್ಟರ ಸೊಸೆ ಮಹಾಲಕ್ಷ್ಮೀ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗು ತಡೆಯಲು ಅದು ಸಾಲಲಿಲ್ಲ. ಭಟ್ಟರು ಅವಳ ಕಡೆ ಹುಬ್ಬು ಗಂಟಿಕ್ಕಿ ನೋಡಿದರು. ಅವರ ತುಟಿಯೂ ಎಲ್ಲೋ ಅಲುಗಿತು. “ವೀಳ್ಯ ತಂದವನ ಬಾಯೇ ಕೆಂಪಗಿದ್ದದ್ದು ಕಂಡಾಗಲೇ ಅಂದ್ಕಂ‌ಡೆ” ಎಂದರು. ಆಮೇಲೆ ಮುಖ ಗಂಭೀರವಾಯಿತು. “ಆದ್ರೂ ಕ್ರಮ ಕ್ರಮವೇ ವಾಸಪ್ಪ. ಓದಿನ ಬಳ್ಳಿ ಎಲೆ ಇಲ್ದೆ ಹ್ಯಾಂಗೆ ಓದ್ಲಿ?”

“ಮಾವಯ್ಯ,” ಮಹಾಲಕ್ಷ್ಮೀ ಮೆಲ್ಲಗೆ ಮನೆಮಾತಿನಲ್ಲಿ ಅಂದಳು, “ಹಿತ್ಲಲ್ಲಿ ಇದ್ದಲಿ.”

“ಎಂತದು?”

“ಬಳ್ಳಿ. ದಿನಾ ನಿಂಗವೇ ನೀರು ಹಾಕ್ತ್ರಲಿ. ಊರಿಂದು, ಯಾರೂ ಮುಟ್ಟಡಿ ಅಂತ ಹೇಳಿದ್ರಲಿ.”

ಭಟ್ಟರ ಮುಖ ಕದ್ದು ಸಿಕ್ಕಿಬಿದ್ದವರ ಮುಖವಾಯಿತು. ಆ ನೆಲವೂ ಬೇಡ, ಆ ನೆಲದ ಓದೂ ಬೇಡ ಎಂದು ಮೂರು ವರ್ಷ ಬಾಗಿಲು ಹಾಕಿಕೊಂಡು ಕೂತವರು, ಊರು ಬಿಡುವಾಗ ಶೇಷಮ್ಮನ ಹಾಗೆಯೇ ಒಂದು ಬಳ್ಳಿಯ ತುಂಡನ್ನು ಪಂಚೆಯ ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದರು. ಪುಸ್ತಕದ ಸಂಚಿಯ ಪಕ್ಕ ಅದನ್ನಿಟ್ಟು ತಂದು, ಹಿತ್ತಿಲ ಮರಕ್ಕೆ ಹಬ್ಬಿಸಿ, ದಿನಾ ನೀರೆರೆದಿದ್ದರು. ಯಾರಿಗೂ ಹೇಳಿರಲಿಲ್ಲ.

“ಎರಡೆಲೆ ಕೊಯ್ಕಂಡು ಬಾ” ಎಂದರು ಕೊನೆಗೆ, ಯಾರ ಮುಖವನ್ನೂ ನೋಡದೆ. “ಅಡಿಕೆನೂ ತಗಂಬಾ. ಅವನ ಕೈಗೆ ಕೊಡು.”

ವಾಸಪ್ಪ ಕೈಕಾಲು ತೊಳೆದು ಬಾಗಿಲಲ್ಲಿ ನಿಂತ. ಭಟ್ಟರು ಒಳಗಿನಿಂದ ಶಾಲು ಹೊದ್ದು ಬಂದರು. ಅವನು ಎಲೆ ಚಾಚಿ, “ನೇರ್ಲಕೊಡ್ಲ ಓದಿಗೆ ನಾಳೆ ಸಂಜೆ ಬರ್ಬೇಕು” ಎಂದ. ಭಟ್ಟರು ಎರಡೂ ಕೈಯಲ್ಲಿ ತೆಗೆದುಕೊಂಡರು. “ಬತ್ತೆ” ಎಂದರು, ತಮ್ಮ ಮನೆಮಾತಿನಲ್ಲಿ. ದಣಪೆ ತೆರೆಯುವಾಗ ಹಿಂದಿನಿಂದ, “ಹೊತ್ತು ವಾಲ್ತಾ ಇದೆ, ಓಡು! ದೀಪ ಹಚ್ಚಿಬಿಟ್ರೆ ಬರೋದಿಲ್ಲ ನೋಡು!” ಎಂದು ಗದರಿದರು. ಹಳೆಯ ಭಟ್ಟರ ಗದರಿಕೆ. ಅದನ್ನು ಕೇಳಿ ವಾಸಪ್ಪನಿಗೆ ಎಷ್ಟು ಸುಖವಾಯಿತೆಂದರೆ ಕಾಲಿಗೆ ಹೊಸ ರಕ್ತ ಬಂತು.

ಆಮೇಲಿನದು ದಾರಿಯಲ್ಲ, ಹಾರಾಟ. ನಗರದ ಕಡೆಗಿನ ಇಳಿಜಾರಿನಲ್ಲಿ ಸೈಕಲ್ಲು ತನ್ನಷ್ಟಕ್ಕೆ ಓಡಿತು. ಎದುರಿಗೆ ಬಂದ ನಿಟ್ಟೂರಿನ ಬಸ್ಸಿಗೆ ಅವನೇ ಬೆಲ್ಲು ಹೊಡೆದ. ಕೆರೆಯ ಏರಿ, ಹಾಳು ಕೋಟೆಯ ಗೋಡೆ, ದನ ಹೊಡೆದುಕೊಂಡು ಹೋಗುವವರ ಬೈಗುಳ, ಎಲ್ಲವೂ ಹಿಂದೆ ಹಿಂದೆ ಹೋದವು. ಬ್ರೇಕಿನ ರಬ್ಬರು ಕಾದು ವಾಸನೆ ಬಂತು. ಒಂದು ಸಲ ನೇರಳೆ ಮರದ ಬೇರಿಗೆ ಚಕ್ರ ಎಗರಿ, ವಾಸಪ್ಪ ಗಾಳಿಯಲ್ಲಿ ಸೀಟಿನಿಂದ ಬೇರೆಯಾಗಿ, ಮತ್ತೆ ಸೀಟಿನ ಮೇಲೇ ಬಂದು ಕೂತ. ಯಾರೂ ನೋಡಲಿಲ್ಲವಲ್ಲ ಎಂದು ಬೇಸರವಾಯಿತು.

ಹೊಸನಗರದಲ್ಲಿ ಯಮುನಮ್ಮ ಅಂಗಳಕ್ಕೆ ಸೆಗಣಿ ಸಾರಿಸುತ್ತಿದ್ದಳು. ಸಾರಿಸಿದ ಅಂಗಳದ ಮೇಲೆ ಚಕ್ರ ಹಾಯಿಸಿಕೊಂಡು ಬಂದವನಿಗೆ ಬೈಯಲು ಬಾಯಿ ತೆರೆದವಳು, ಎಲೆ ನೋಡಿ ಬಾಯಿ ಮುಚ್ಚಿದಳು. “ಭಟ್ರು?” ಎಂದಳು. “ಬರ್ತಾರೆ” ಎಂದ. ದನಿ ಒಡೆದುಹೋಗಿ ಅದು ಗಾಳಿಯಂತೆ ಕೇಳಿಸಿತು. ಅವಳಿಗೆ ಅರ್ಥವಾಯಿತು. ಸೆಗಣಿಯ ಕೈಯನ್ನು ಸೀರೆಗೆ ಒರೆಸಿಕೊಂಡು, ಆಕಾಶದ ಕಡೆ ನೋಡಿ, “ಹೋಗು, ಹೋಗು, ನಿಂತ್ಕಬ್ಯಾಡ” ಎಂದು ಅವಳೇ ಅವನ ಸೈಕಲ್ಲನ್ನು ಹಿಂದಿನಿಂದ ರಸ್ತೆಯ ತನಕ ನೂಕಿದಳು.

ಸಾಗರದ ದಾರಿಯಲ್ಲಿ ನೆರಳು ಅವನಿಗಿಂತ ಉದ್ದವಾಗಿ ಪಕ್ಕದಲ್ಲಿ ಓಡಿತು. ಮೊಣಕಾಲು ಕೂಗುತ್ತಿತ್ತು. ಅಂಗೈ ಹ್ಯಾಂಡಲಿಗೆ ಅಂಟಿಕೊಂಡಿತ್ತು. ದನಿ ಇಲ್ಲದೆಯೇ, ತುಟಿಯಲ್ಲಿ, ಗಿಡ್ಡ ಸಾಲು ಗಿಡ್ಡ ಸಾಲು ಉದ್ದ ಸಾಲು ಎಂದು ತುಳಿದ. ದುಗ್ಗಪ್ಪನ ಶಾಪಿನ ಎದುರು ಹಾದುಹೋದಾಗ ದುಗ್ಗಪ್ಪ ಸ್ಪ್ಯಾನರು ಹಿಡಿದುಕೊಂಡೇ ರಸ್ತೆಗೆ ಇಳಿದು, “ಬಂದ! ಬಲಗಡೆಯಿಂದ ಹೋಗಿ ಎಡಗಡೆಯಿಂದ ಬಂದ!” ಎಂದು ಪೇಟೆಗೆಲ್ಲ ಕೇಳುವಂತೆ ಕೂಗಿದ.

ಕಟ್ಟೆಯ ಮುಂದೆ ಶೇಷಮ್ಮ ದೀಪಕ್ಕೆ ಎಣ್ಣೆ ಎರೆದು, ಬೆಂಕಿಪೊಟ್ಟಣ ಹಿಡಿದು ಕೂತಿದ್ದಳು. ಸೂರ್ಯ ಮರದ ತಲೆಗೆ ಇಳಿದಿದ್ದ. ಪಕ್ಕದ ಮನೆಯವರು, “ಕತ್ಲಾತು, ಹಚ್ಚಿಬಿಡಿ” ಎಂದರೆ, “ನನ್ನ ಕಣ್ಣಿಗೆ ಇನ್ನೂ ಬೆಳಕೈತೆ” ಎನ್ನುತ್ತಿದ್ದಳು. ಪೊರೆ ಬಂದ ಕಣ್ಣು ಅದು. ವಾಸಪ್ಪ ಬಂದು ಇಳಿದ. ಇಳಿದ ಕಾಲು ನಿಲ್ಲಲಿಲ್ಲ. ಸರೋಜ ತೋಳು ಹಿಡಿದಳು.

“ಊರು ಸುತ್ತಿ ಬಂದ್ಯಾ?” ಶೇಷಮ್ಮ ಕ್ರಮದಂತೆ ಕೇಳಿದಳು.

ವಾಸಪ್ಪ ತಲೆ ಆಡಿಸಿದ.

“ತಲೆ ಆಡ್ಸಿದ್ರೆ ಆಗಲ್ಲ. ಬಾಯಲ್ಲಿ ಹೇಳು.”

ಅವನು ಉಳಿದ ಉಸಿರನ್ನೆಲ್ಲ ಒಟ್ಟು ಮಾಡಿದ. “ಎಲ್ಲರಿಗೂ ಹೇಳಿ ಆಯಿತು.”

ಕಡ್ಡಿ ಗೀರಿದ ಸದ್ದಿಗೆ ಕಟ್ಟೆಯ ಸುತ್ತ ನಿಂತವರೆಲ್ಲ ಒಟ್ಟಿಗೇ ಉಸಿರು ಬಿಟ್ಟರು.

ಮರುದಿನ ಸಂಜೆ ಎಲ್ಲರೂ ಬಂದರು. ಗುತ್ಯಪ್ಪ ಮೀಸೆ ಇಲ್ಲದೆ ಬಂದ. ಅವನನ್ನು ಗುರುತಿಸದೆ ಕನ್ನಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡಳು, ಕಟ್ಟೆಯೆಲ್ಲ ನಗೆಯಾಯಿತು. ಭಟ್ಟರು ಬಸ್ಸಿನಲ್ಲಿ ಬಂದಿಳಿದು, ಪೀಠದ ಮೇಲೆ ಕೂತು, ಪುಸ್ತಕ ಬಿಚ್ಚಿದರು. ಮೂರು ವರ್ಷದ ಹಿಂದೆ ಇಟ್ಟ ಗರಿಯ ಗುರುತು ಅಲ್ಲೇ ಇತ್ತು. ಪದ್ಯವನ್ನು ಮೊದಲಿನಿಂದ ಎತ್ತಿಕೊಂಡರು. ಒಂದು, ಎರಡು, ಮೂರನೆಯ ಸಾಲು. ಎಲ್ಲರೂ ರಸ್ತೆಯ ಕಡೆ ಒಂದು ಕಿವಿ ಇಟ್ಟರು. ಯಾವ ಹಾರನ್ನೂ ಬರಲಿಲ್ಲ. ನಾಲ್ಕನೆಯ ಸಾಲಿಗೆ ಬದುಕಿದವರು ನೀರಿಗೆ ಇಳಿದರು. ಐದನೆಯದಕ್ಕೆ ಬೊಗಸೆ ತುಂಬಿಕೊಂಡರು. ಆರನೆಯ ಉದ್ದ ಸಾಲು ಹೊಳೆಯ ಮೇಲೆ ಹರಿದು, ಅಗಲವಾಗಿ, ತಣ್ಣಗೆ ಹೋಗಿ ನಿಂತಿತು.

ಭಟ್ಟರು ಕನ್ನಡಕದ ಮೇಲಿನಿಂದ ವಾಸಪ್ಪನನ್ನು ನೋಡಿದರು.

ವಾಸಪ್ಪ ಬಾಯಿ ತೆರೆದ. ಸೊಂಡ್ಲೇರಿನಲ್ಲಿ ಬಿಟ್ಟು ಬಂದ ದನಿ ಇನ್ನೂ ಮರಳಿರಲಿಲ್ಲ. ಗಾಳಿ ಮಾತ್ರ ಹೊರಟಿತು. ಅವನು ಗಂಟಲು ಹಿಡಿದುಕೊಂಡು ಮತ್ತೊಮ್ಮೆ ತೆರೆದ. ಇಲ್ಲ.

ಆಗ ಹೆಂಗಸರ ಕಡೆಯಿಂದ ಯಮುನಮ್ಮ ಅಂದಳು: “ಹೂಂ.”

ಗುತ್ಯಪ್ಪ ಅಂದ. ಕನ್ನಮ್ಮ ಅಳುತ್ತ ಅಂದಳು. ಸರೋಜ ಅಂದಳು, ಶೇಷಮ್ಮ ಅಂದಳು. ಹಿಂದೆ ಸೈಕಲ್ಲಿಗೆ ಒರಗಿ ನಿಂತ, ಆ ಊರನ್ನೇ ಕಾಣದ ದುಗ್ಗಪ್ಪನೂ ಅಂದ. ಮೂರು ತಾಲೂಕಿನಿಂದ ಬಂದ ಹೂಂ ಒಂದಾಗಿ ಕಟ್ಟೆಯ ಮಾಡಿಗೆ ಬಡಿಯಿತು. ವಾಸಪ್ಪ ದನಿಯಿಲ್ಲದ ಬಾಯಿ ತೆರೆದುಕೊಂಡೇ ನಗುತ್ತಿದ್ದ.

“ಇಷ್ಟು ಜನ ಹೂಂ ಅಂದ್ರೆ,” ಭಟ್ಟರು ಹಾಳೆ ಮಗುಚುತ್ತ ಹೇಳಿದರು, “ನಾನು ಇನ್ನೂ ಗಟ್ಟಿಯಾಗಿ ಓದ್ಬೇಕಾತು.” ಗಂಟಲು ಸರಿಮಾಡಿಕೊಂಡು ಮುಂದಿನ ಪದ್ಯ ಎತ್ತಿದರು.